ಪ್ರಾಣೇಶನ ಹಳೇ ಪ್ಯಾಡು

ಬ್ರೇಕ್ ತುಳಿಯುವಾಗ ಬಾಯಿಂದ ಬಿದ್ದ ಮಾತನ್ನೆಲ್ಲ ಬ್ರೇಕ್ ಪ್ಯಾಡು ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕೇ ಹಳೆಯದನ್ನು ಕೇಳಿಸಿಕೊಳ್ಳದೆ ಹುಬ್ಬಳ್ಳಿಯಲ್ಲಿ ಯಾರೂ ಹೊಸದನ್ನು ಮಾರುವುದಿಲ್ಲ.

"ಭಾನುವಾರ ಕಾರ್ ಕ್ಲಬ್ಬಿನ ರೇಸ್ ಐತ್ರಿ ಚಾಚಾ, ರೇಸಿಂಗ್ ಪ್ಯಾಡೇ ಕೊಡ್ರಿ. ಹಳೇದು ಕೇಳೂದು ಬ್ಯಾಡ, ಅವಸರ ಐತಿ," ಎಂದ ಪ್ರಾಣೇಶ. ಪಕ್ಕದಲ್ಲಿ ಕ್ಲಬ್ಬಿನ ಶಾಂಭವಿ ನಿಂತಿದ್ದಳು. ತಿರುವಿನ ಬಾಯಿಗೆ ಬರುವ ತನಕ ತಾನು ಬ್ರೇಕ್ ಮುಟ್ಟುವವನೇ ಅಲ್ಲವೆಂದು ಅವಳೆದುರು ಎಷ್ಟೋ ಸಲ ಕೊಚ್ಚಿಕೊಂಡಿದ್ದ.

ಅಂಗಡಿಯ ದಸ್ತಗೀರ್ ಚಾಚಾ ಅಷ್ಟರಲ್ಲಿ ಅವನ ಕಾರಿನಿಂದ ಬಿಚ್ಚಿದ ಸವೆದ ಪ್ಯಾಡನ್ನು ಕಲ್ಲಿಗೆ ತಟ್ಟಿಯೇಬಿಟ್ಟರು. ಪ್ರಾಣೇಶನದೇ ದನಿ ಅಂಗಡಿ ತುಂಬ ಕೇಳಿಸಿತು: "ಯವ್ವಾ! ತಿರುವು ಇನ್ನೂ ದೂರ ಐತಿ... ಇರ್ಲಿ, ಈಗ್ಲೇ ತುಳಿಯೂಣು... ಹಿಂದಿನಾಂವ ಮುಂದ ಹೋಗ್ಲಿ ಬಿಡಪಾ, ಯವ್ವಾ!"

ಶಾಂಭವಿ ನಗಲಿಲ್ಲ. ಬಾರದ ಕರೆಗೆ ಫೋನನ್ನು ಕಿವಿಗೆ ಹಿಡಿದು ಹೊರಗೆ ನಡೆದಳು. ಅವಳು ನಕ್ಕಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

"ರೇಸಿಂಗ್ ಪ್ಯಾಡು ಕಾದ ಮ್ಯಾಲೇ ಹಿಡಿಯೂದಪಾ," ಎಂದರು ಚಾಚಾ. "ನೀ ದೂರದಿಂದ್ಲೇ ಮೆಲ್ಲಕ ತುಳಿಯೂ ರೀತಿಗೆ ಅದು ಬಿಸಿನೇ ಆಗೂದಿಲ್ಲ. ಸೀದಾ ಗ್ವಾಡಿಗೆ ಹೋಗಿ ಹೊಡೀತಿ. ಊರಾಗ ಓಡಿಸೂ ಪ್ಯಾಡು ಒಯ್ಯಿ, ಮನಿಗೆ ಬರ್ತಿ."

ಪ್ರಾಣೇಶ ಬಾಗಿಲ ಕಡೆ ನೋಡಿದ. ಆಮೇಲೆ ತಲೆ ತಗ್ಗಿಸಿ, "ಅದನ್ನೇ ಕೊಡ್ರಿ. ಆದ್ರ ಡಬ್ಬಿ ಮಾತ್ರ... ರೇಸಿಂಗ್‌ದು ಇದ್ರ..." ಎಂದು ಗೊಣಗಿದ.

ಚಾಚಾ ಮೇಜಿನ ಕೆಳಗೆ ಬಗ್ಗಿ, ಖಾಲಿ ಡಬ್ಬಿಗಳ ದೊಡ್ಡ ರಾಶಿಯಲ್ಲಿ ಕೈಯಾಡಿಸುತ್ತ ಅಂದರು:

"ಕೆಂಪು ಬೇಕೋ, ಹಳದಿ ಬೇಕೋ? ನಿಮ್ಮ ಕ್ಲಬ್ಬಿನಾವ್ರು ಭಾಳ ಮಂದಿ ಕೆಂಪು ಒಯ್ತಾರ."