ಕೌರವನ ಉತ್ತರ

ವೇಣುಗೋಪಾಲ ಭಾಗವತರು ಪದ್ಯ ಮುಗಿಸಿ ತಾಳ ಕೆಳಗಿಟ್ಟರು. ಇನ್ನು ಕೃಷ್ಣ ಮಾತಾಡಬೇಕು. ವೇಷವಿಲ್ಲದೆ ಕೂತು ಮಾತಲ್ಲೇ ಆಡುವ ತಾಳಮದ್ದಳೆಗೆ ಈಗ ಜನವೇ ಇಲ್ಲ ಎಂದು ಗೊಣಗುವವರೆಲ್ಲ ಅಂದು ಪುಂಜಾಲಕಟ್ಟೆಯ ಶಾಲೆಯ ಸಭಾಂಗಣದಲ್ಲಿ ಕೂರಲು ಜಾಗ ಸಿಗದೆ ಬಾಗಿಲಲ್ಲಿ ನಿಂತಿದ್ದರು. ಪ್ರಸಂಗ ಕೃಷ್ಣ ಸಂಧಾನ. ಕಥೆ ಯಾರಿಗೆ ಗೊತ್ತಿಲ್ಲ? ಸಂಧಾನ ಮುರಿಯುತ್ತದೆ, ಯುದ್ಧ ಆಗುತ್ತದೆ. ಜನ ಬಂದದ್ದು ಕಥೆಗಲ್ಲ, ಇವತ್ತು ಎದುರುಬದುರು ಕೂತ ಇಬ್ಬರಿಗಾಗಿ.

ಕೌರವನಾಗಿ ಕೂತವರು ನಿವೃತ್ತ ಜನರಲ್ ಮುಂಡಪ್ಪ ಅಡ್ಯಂತಾಯರು. ಗಡಿಯಲ್ಲಿ ಗುಂಡು ಹಾರುತ್ತಿದ್ದಾಗಲೂ ಡೇರೆಯೊಳಗೆ ಮಹಾಭಾರತ ಓದುತ್ತಿದ್ದರಂತೆ. ಯುದ್ಧಧರ್ಮದ ಮೇಲೆ ಅವರು ಬರೆದ ದಪ್ಪ ಪುಸ್ತಕವನ್ನು ಊರಲ್ಲಿ ಯಾರೂ ಓದಿಲ್ಲ, ಹೊಗಳದವರೂ ಇಲ್ಲ. ಬಾಯಿ ತೆರೆದರೆ ಶ್ಲೋಕ, ಅದರ ಹಿಂದೆಯೇ ಭಾಷ್ಯ. ಪಾತ್ರದ ಮಾತು ಹೇಳುವ ಎಂತೆಂಥ ಅರ್ಥಧಾರಿಗಳೂ ಅವರ ಎದುರು ನೀರು ಕುಡಿದು ಎದ್ದಿದ್ದಾರೆ.

ಕೃಷ್ಣನಾಗಿ ನಿವೃತ್ತ ಕನ್ನಡ ಟೀಚರ್ ಕಾಂತಿ. ಸೈನ್ಯದಲ್ಲಿದ್ದ ಅವರ ತಮ್ಮ ಶೋಧನ್ ಸತ್ತದ್ದು ಇದೇ ಜನರಲ್ ಹಿಡಿಯಲು ಹೇಳಿದ ಗುಡ್ಡದ ಮೇಲೆ. ಪದಕ ಬಂತು, ಊರಿನ ಸರ್ಕಲ್ಲಿಗೆ ಅವನ ಹೆಸರೂ ಬಂತು. ತಾಯಿ ಮಾತ್ರ ಅಂದಿನಿಂದ ಒಂದನ್ನೇ ಕೇಳುತ್ತಿದ್ದರು, ಆ ಗುಡ್ಡ ಹತ್ತಲೇಬೇಕಿತ್ತಾ ಎಂದು. ಜನರಲ್ ಒಮ್ಮೆ ಮನೆಗೇ ಬಂದಾಗ ಅವರನ್ನೂ ಕೇಳಿದರು. ಜನರಲ್ ಚಾ ಆರುವವರೆಗೆ ಏನೇನೋ ವಿವರಿಸಿದರು. ಅವರು ಹೋದ ಮೇಲೆ ತಾಯಿ ಮಗಳ ಮುಖ ನೋಡಿ, ಹೌದಂತೋ ಅಲ್ಲವಂತೋ ಎಂದರು. ಕಾಂತಿ ಟೀಚರ್ ಕೃಷ್ಣನ ಅರ್ಥ ತನಗೇ ಬೇಕೆಂದು ಹಟ ಹಿಡಿದದ್ದು ಅದಕ್ಕೇ. ತಾಳಮದ್ದಳೆಯಲ್ಲಿ ಕೇಳಿದ್ದಕ್ಕೆ ಉತ್ತರ ಕೊಡದೆ ಏಳುವ ಹಾಗಿಲ್ಲ. ತಾಯಿಯನ್ನು ಕರೆತಂದು ಮೊದಲ ಸಾಲಿನಲ್ಲಿ ಕೂರಿಸಿದ್ದರು.

"ಕೌರವಾ, ಸೂಜಿಯ ಮೊನೆಯಷ್ಟು ನೆಲವನ್ನೂ ಬಿಡಲಾರೆ ಎನ್ನುತ್ತೀಯಲ್ಲ," ಕೃಷ್ಣ ಕೇಳಿದ, "ನಾಳೆ ಆ ನೆಲಕ್ಕಾಗಿ ಸತ್ತವನ ತಾಯಿ ಬಂದು, ರಾಯಾ, ಇದು ಬೇಕಿತ್ತೇ ಎಂದರೆ ಏನು ಹೇಳುತ್ತೀ?"

ಜನರಲ್ ನಕ್ಕು, ಕ್ಷತ್ರಿಯನ ಧರ್ಮವೇನೆಂದು ಒಂದು ಶ್ಲೋಕ ಹೇಳಿದರು. ಅದು ಪಂಡಿತರಿಗೆ ಕೊಡುವ ಉತ್ತರ, ಕೇಳುತ್ತಿರುವವಳು ತಾಯಿ, ಎಂದ ಕೃಷ್ಣ. ಜನ ಚಪ್ಪಾಳೆ ತಟ್ಟಿದರು. ಜನರಲ್ ರಾಜನೀತಿ ತೆಗೆದರು, ಅದಕ್ಕೂ ಟೀಚರ್ ಬಳಿ ಮಾತು ತಯಾರಿತ್ತು. ವಿಧಿ ಎಂದರು, ಅದಕ್ಕೂ ಇತ್ತು. ತಿಂಗಳುಗಟ್ಟಲೆ ಓದಿ ಬಂದ ಹೆಂಗಸು, ಸುಮ್ಮನೆಯೇ?

ಆಗ ಜನರಲ್ ಮೊದಲ ಸಾಲಿನ ಕಡೆ ನೋಡಿದರು. ಮುದುಕಿ ಮುಂದಕ್ಕೆ ಬಾಗಿ ಕಿವಿಗೆ ಕೈ ಆನಿಸಿ ಕೂತಿದ್ದರು. ಜನರಲ್ ಮೈಕನ್ನು ಪಕ್ಕಕ್ಕೆ ಸರಿಸಿದರು.

"ಬೇಕಿರಲಿಲ್ಲ, ಟೀಚರೇ," ಎಂದರು ಮೆಲ್ಲಗೆ. "ಗುಡ್ಡ ಬಳಸಿಕೊಂಡು ಹೋಗ್ಲಿಕ್ಕೆ ದಾರಿ ಇತ್ತು. ಸ್ವಲ್ಪ ತಡ ಆಗ್ತಿತ್ತು, ಅಷ್ಟೇ. ನಾನು ಕಾಯ್ಲಿಲ್ಲ."

ಕಾಂತಿ ಟೀಚರಿಗೆ ಹೊಡೆಯುವಷ್ಟು ಸಿಟ್ಟು ಬಂತು. ಅವರು ಸಮರ್ಥನೆಗಳಿಗೆಲ್ಲ ಎದುರುತ್ತರ ಹುಡುಕಿ ತಂದಿದ್ದರು, ಒಪ್ಪಿಗೆಗೆ ಏನು ಹೇಳಬೇಕೆಂದು ಯೋಚಿಸಿಯೇ ಇರಲಿಲ್ಲ. ಕೇಳಿಸಿಕೊಂಡ ಇನ್ನೊಬ್ಬರೆಂದರೆ ಭಾಗವತರು. ಅವರು ತಲೆ ಎತ್ತಲಿಲ್ಲ.

"ಎಂತ ಹೇಳಿದ್ದು ಮಾರಾಯ? ಕೇಳಲೇ ಇಲ್ಲ," ಬಾಗಿಲಲ್ಲಿದ್ದವರು ಒಬ್ಬರನ್ನೊಬ್ಬರು ಕೇಳತೊಡಗಿದರು. ಮೈಕ್ ನೋಡಿಕೊಳ್ಳುತ್ತಿದ್ದ ಇದಿನಬ್ಬ, ವಯರು ಹಾಳಾಯಿತೆಂದು ಓಡಿ ಬಂದ. ಜನರಲ್ ಮಂಡಿಯ ಮೇಲೆ ಕೈಯಿಟ್ಟು, ತೀರ್ಪಿಗೆ ಕಾದು ಕೂತವರ ಹಾಗೆ ಕೂತಿದ್ದರು. ಮುದುಕಿಗೆ ಇನ್ನು ತಡೆಯಲಾಗಲಿಲ್ಲ. ಎದ್ದು ವೇದಿಕೆಯ ಅಂಚು ಹಿಡಿದು, ಅವರು ಏನು ಹೇಳಿದರೆಂದು ತುಳುವಿನಲ್ಲಿ ಗಟ್ಟಿಯಾಗಿ ಮಗಳನ್ನು ಕೇಳಿದರು.

ಕಾಂತಿ ಟೀಚರ್ ಮೈಕನ್ನು ತನ್ನ ಕಡೆಗೆ ಎಳೆದುಕೊಂಡರು.

"ಬೇಕಿತ್ತಂತೆ, ಅಮ್ಮ."