ಸೀಸನ್ ನಡುವಿನ ನಿದ್ದೆ

ಒಂದು ಸೀಸನ್ ಮುಗಿದು ಇನ್ನೊಂದು ಬರುವವರೆಗೆ ಕಾಯಲಾಗದ ಅಭಿಮಾನಿಗಳು ಸೂಜಿ ಚುಚ್ಚಿಸಿಕೊಂಡು ಪೆಟ್ಟಿಗೆಯಲ್ಲಿ ಮಲಗಿಬಿಡುವುದು ಈಗ ಎಲ್ಲ ಊರಲ್ಲೂ ವಾಡಿಕೆ. ಹುಬ್ಬಳ್ಳಿಯಲ್ಲಿ ‘ಶನಿಗ್ರಹದ ಸೊಸೆ’ ಧಾರಾವಾಹಿಯ ಅಭಿಮಾನಿಗಳು ಹಳೆಯ ಹತ್ತಿ ಗೋದಾಮಿನಲ್ಲಿ ಮಲಗುತ್ತಾರೆ. ಆ ನಿದ್ದೆಯಲ್ಲಿ ವಯಸ್ಸಾಗುವುದಿಲ್ಲ. ಹಾಗಾಗಿ ಒಂಬತ್ತು ಸೀಸನ್ ಕಳೆದರೂ ವೀರಭದ್ರಪ್ಪನಿಗೆ ಮೂವತ್ತಾರೇ ವರ್ಷ. ಅವನ ಹೆಂಡತಿ ದಾಕ್ಷಾಯಣಿಗೆ ಐವತ್ತೆಂಟು.

ಹತ್ತನೆಯ ಸೀಸನ್ ನಾಳೆ ಶುರು. ಎಬ್ಬಿಸಿ ಕರೆದೊಯ್ಯಲು ಮನೆಯವರೇ ಬರಬೇಕೆಂಬ ನಿಯಮವಿದ್ದುದರಿಂದ ದಾಕ್ಷಾಯಣಿ ಬಂದಿದ್ದಳು. ಟೀವಿ ಇದ್ದ ಪಡಸಾಲೆಯಲ್ಲಿ ಅವಳೀಗ ಖಾನಾವಳಿ ನಡೆಸುತ್ತಾಳೆ. ಇವನು ಎದ್ದು ಬಂದರೆ ಅದನ್ನು ಮುಚ್ಚಬೇಕು.

ವೀರಭದ್ರಪ್ಪ ಕಣ್ಣು ಬಿಟ್ಟ. “ಸೀಸನ್ ಬಂತೇನ?”

‘ನಾಳೆಯಿಂದ ಹತ್ತನೆಯ ಸೀಸನ್’ ಎಂದಿದ್ದ ಗೋಡೆಯ ಪೋಸ್ಟರಿಗೆ ದಾಕ್ಷಾಯಣಿ ಅಡ್ಡ ನಿಂತಳು. “ಇಲ್ರೀ, ಮತ್ತ ಮುಂದಕ್ಕ ಹಾಕ್ಯಾರ.”

“ಎಷ್ಟ ದಿನ?”

“ನಾಕ ವರ್ಷ ಅಂತ. ಅಲ್ಲೀತನಕ ಮನೀಗೆ ಬರ್ತೀರೇನು? ಮೂರು ಚೀಲ ಜೋಳ ಬೀಸಿಸ್ಕೊಂಡು ಬರೋದೈತಿ.”

“ಎಂಥಾ ಮಂದಿ ಇವರು! ಅಭಿಮಾನಿಗಳ ತಾಳ್ಮಿಗೂ ಒಂದು ಮಿತಿ ಇರತೈತಿ!” ಎಂದು ಗುಡುಗಿದ ವೀರಭದ್ರಪ್ಪ, ಪೆಟ್ಟಿಗೆಯ ಮುಚ್ಚಳವನ್ನು ತಾನೇ ಎಳೆದುಕೊಂಡ.