ನೀಲಗಂಗಾ ಬಿಟ್ಟುಕೊಟ್ಟ ಕೆಲಸ

ಎಂ.ಎಸ್ಸಿ. ಸೇರುವವರು ಹೊಸ ವಿದ್ಯೆಗೆ ಜಾಗ ಮಾಡಿಕೊಳ್ಳಲು ತಮಗೆ ಬರುವ ಒಂದು ಕೆಲಸವನ್ನು ಕಾಲೇಜಿನ ಕಿಟಕಿಯಲ್ಲಿ ಬಿಟ್ಟುಕೊಡಬೇಕು, ಎಲ್ಲ ಕಡೆ ಅದೇ ಪದ್ಧತಿ. ಬಿಟ್ಟುಕೊಟ್ಟ ಕೆಲಸ ಪೂರ್ತಿ ಮರೆತುಹೋಗುತ್ತದೆ. ಮೂವತ್ತೆಂಟರ ನೀಲಗಂಗಾ ಫಾರ್ಮಿನಲ್ಲಿ 'ಹಾಡುವುದು' ಎಂದು ಬರೆದಳು. ಹಾಡಿಲ್ಲದೆಯೂ ಮನೆ ನಡೆಯುತ್ತದಲ್ಲ.

ಅತ್ತೆ ಅದನ್ನು ಓದಿ, ಪೆನ್ನು ಕಸಿದುಕೊಂಡು ಗೀಟು ಎಳೆದರು. "ರೊಟ್ಟಿ ಬಡಿಯೂದು ಅಂತ ಬರಿಯವಾ."

"ಮತ್ತ ಮನ್ಯಾಗ ರೊಟ್ಟಿ ಯಾರು ಬಡೀತಾರ್ರಿ ಅತ್ತಿ?"

"ನನ್ನ ಮಗನ ಕೈ ಇರೂದು ಬರೇ ಫೋನ್ ಹಿಡಿಯಾಕೇನು?"

ಕ್ಲಾಸು ಶುರುವಾಗುವ ದಿನ ಗಂಡ ಮಲ್ಲೇಶಪ್ಪ ಬಡಿದ ರೊಟ್ಟಿ ಮೂರು ಕಡೆ ಹರಿಯಿತು. ಸರಿಮಾಡುವುದು ಹೇಗೆಂದು ಈಗ ನೀಲಗಂಗಾಳಿಗೂ ಗೊತ್ತಿರಲಿಲ್ಲ. ತಾಟಿನ ಮುಂದೆ ಕುಳಿತು ಒಂದು ತುಂಡು ಬಾಯಿಗಿಟ್ಟಳು. ಮದುವೆಯಾಗಿ ಹದಿನೈದು ವರ್ಷಕ್ಕೆ ಅವಳು ಈ ಮನೆಯಲ್ಲಿ ಮೊದಲ ಸಲ ಬಿಸಿ ರೊಟ್ಟಿ ತಿನ್ನುತ್ತಿದ್ದಳು.

"ಇನ್ನೊಂದ ಕೊಡ್ರಿ," ಅಂದಳು.